ಬಯಲುಸೀಮೆಯ ಚೈತ್ರ: ಮಳೆಯ ಲೆಕ್ಕ, ಗಾಳಿಯ ಲೆಕ್ಕ

ಯುಗಾದಿಯ ಹಿಂದುಮುಂದಿನ ವಾರಗಳಲ್ಲಿ ಬಯಲುಸೀಮೆಯ ಹಳ್ಳಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಈ ವರ್ಷ ಮಳೆ ಹೇಗೆ? ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಗುಡಿಯ ಕಟ್ಟೆಯ ಮೇಲೆ ಹೊಸ ಪಂಚಾಂಗ ಬಿಚ್ಚಿ ಕುಳಿತ ಜೋಯಿಸರು ಹೇಳುತ್ತಾರೆ. ಮೈಲಾರದ ಗೊರವಯ್ಯ ಭಾರತ ಹುಣ್ಣಿಮೆಯ ಜಾತ್ರೆಯಲ್ಲೇ ಹೇಳಿ ಮುಗಿಸಿರುತ್ತಾರೆ. ಏಪ್ರಿಲ್ ನಡುವಿನ ಹೊತ್ತಿಗೆ ಹೊಸದಿಲ್ಲಿಯಿಂದ ಹವಾಮಾನ ಇಲಾಖೆಯೂ ತನ್ನ ಮಾತು ಹೇಳುತ್ತದೆ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಚಳ್ಳಕೆರೆಯ ರೈತನಿಗೆ ತನ್ನ ಹೊಲಕ್ಕೆ ಬೀಜ ಯಾವತ್ತು ಹಾಕಬೇಕೆಂಬುದು ತಿಳಿದಿರುವುದಿಲ್ಲ. ಮಳೆ ಎಷ್ಟು ಎಂದು ಎಲ್ಲರೂ ಹೇಳುತ್ತಾರೆ. ಅವನಿಗೆ ಬೇಕಾಗಿರುವುದು ಮಳೆ ಯಾವಾಗ ಎಂಬುದು. ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಬಯಲುಸೀಮೆಯ ಬೇಸಾಯ ನಡೆದುಬಂದಿದೆ.

ಚಿತ್ರದುರ್ಗ, ಹಿರಿಯೂರು, ಮೊಳಕಾಲ್ಮೂರು, ಪಾವಗಡ, ಶಿರಾ, ಉತ್ತರಕ್ಕೆ ಹೋದರೆ ಬಳ್ಳಾರಿ, ಕೊಪ್ಪಳ, ಗದಗ. ಈ ಒಣಸೀಮೆಯ ಸ್ವಭಾವ ಅರ್ಥವಾಗಬೇಕಾದರೆ ಮೊದಲು ಅದರ ಪಶ್ಚಿಮಕ್ಕಿರುವ ಮಲೆನಾಡನ್ನು ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 200 ಕಿಲೋಮೀಟರ್ ದೂರದ ಚಳ್ಳಕೆರೆಗೆ ಸಿಗುವುದು 500 ಮಿಲಿಮೀಟರಿನ ಆಸುಪಾಸು. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ ಹೊರೆಯನ್ನೆಲ್ಲ ಅಲ್ಲೇ ಇಳಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗುತ್ತದೆ, ಒಣಗುತ್ತದೆ. ನೀರು ಖಾಲಿಯಾದರೂ ಅದರ ವೇಗ ಮಾತ್ರ ಉಳಿದಿರುತ್ತದೆ. ಬಯಲಿನಲ್ಲಿ ಅದನ್ನು ತಡೆಯುವ ಕಾಡೂ ಇಲ್ಲ, ದೊಡ್ಡ ಬೆಟ್ಟಸಾಲೂ ಇಲ್ಲ. ಅಲ್ಲಲ್ಲಿ ಎದ್ದು ನಿಂತ ಗುಡ್ಡಗಳು ಗಾಳಿಯನ್ನು ತಡೆಯುವ ಬದಲು ಇನ್ನಷ್ಟು ಚುರುಕುಗೊಳಿಸುತ್ತವೆ. ಚಿತ್ರದುರ್ಗದ ಜೋಗಿಮಟ್ಟಿ, ಗದಗ ಸೀಮೆಯ ಕಪ್ಪತಗುಡ್ಡಗಳ ನೆತ್ತಿಯ ಮೇಲೆ ಇಂದು ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುವುದು ಈ ಕಾರಣಕ್ಕೇ.

ಇಲ್ಲೊಂದು ವಿಚಿತ್ರವಿದೆ. ಹೊರಗಿನವರಿಗೆ ಮಳೆಗಾಲ ಎಂದರೆ ಜೂನ್, ಜುಲೈ. ಚಿತ್ರದುರ್ಗದ ಮಳೆಯ ದಾಖಲೆ ತೆಗೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮೇ ತಿಂಗಳಲ್ಲಿ ಒಂದು ಸಣ್ಣ ಏರು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದು ದೊಡ್ಡ ಏರು, ನಡುವೆ ತಗ್ಗು. ಆ ತಗ್ಗು ಬೀಳುವುದು ಮಲೆನಾಡಿನಲ್ಲಿ ಜಡಿಮಳೆ ಹಿಡಿದಿರುವ ದಿನಗಳಲ್ಲೇ. ಆಗ ಬಯಲುಸೀಮೆಯ ಆಕಾಶದಲ್ಲಿ ಮೋಡಗಳಿಗೇನೂ ಬರವಿಲ್ಲ, ಆದರೆ ಅವು ಪೂರ್ವದ ಕಡೆಗೆ ಓಡುತ್ತಲೇ ಇರುತ್ತವೆ. ನೆಲಕ್ಕೆ ಬೀಳುವುದು ಹೆಚ್ಚೆಂದರೆ ತುಂತುರು. ಆಷಾಢದ ಗಾಳಿ ಎಂದು ಜನ ಬೈಯುವುದು ಇದನ್ನೇ. ಗಾಳಿ ಬಲವಾಗಿದ್ದಷ್ಟು ಕಾಲ ಇಲ್ಲಿ ಮಳೆ ದೂರ. ಗಾಳಿ ಬಿದ್ದು, ಹಗಲು ಧಗೆ ಏರಿ, ಪೂರ್ವದ ಕಡೆಯಿಂದ ತೇವ ತುಂಬಿದ ಮೇಲೆ ಹುಯ್ಯುವುದೇ ಈ ಸೀಮೆಯ ನಿಜವಾದ ಮಳೆ. ಚೈತ್ರ-ವೈಶಾಖದ ಮಳೆ ಆ ಬಗೆಯದು. ಆದ್ದರಿಂದಲೇ ಪ್ರಮಾಣದಲ್ಲಿ ಸಣ್ಣದಾದರೂ ಅದಕ್ಕೆ ಇಲ್ಲಿ ಇಷ್ಟೊಂದು ಬೆಲೆ.

ಮಾರ್ಚ್‌ನಿಂದ ಮೇವರೆಗೆ ಬೀಳುವ ಮಳೆ ರಾಜ್ಯದ ವಾರ್ಷಿಕ ಮಳೆಯ ಸುಮಾರು ಹತ್ತನೇ ಒಂದು ಪಾಲು. ಅದಕ್ಕೆ ಹೆಸರುಗಳು ಹಲವು. ಕೆಲವೆಡೆ ಅಡ್ಡಮಳೆ ಎನ್ನುತ್ತಾರೆ, ಕಾಫಿ ಸೀಮೆಯವರಿಗೆ ಅದು ಹೂಮಳೆ, ಹಣ್ಣಿನ ವ್ಯಾಪಾರಿಗಳಿಗೂ ಆಕಾಶವಾಣಿಯ ಶ್ರೋತೃಗಳಿಗೂ ಮಾವಿನ ಮಳೆ. ಹೆಸರು ಯಾವುದಾದರೂ ಅದು ಹುಟ್ಟುವ ಬಗೆ ಒಂದೇ. ಈ ದಿನಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನ ದಕ್ಷಿಣದವರೆಗೆ ಆಕಾಶದಲ್ಲಿ ಕಣ್ಣಿಗೆ ಕಾಣದ ಒಂದು ಗಡಿ ಏರ್ಪಡುತ್ತದೆ. ಅದರ ಒಂದು ಬದಿಗೆ ವಾಯವ್ಯದಿಂದ ಬರುವ ಒಣಗಾಳಿ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿಯಿಂದ ಬರುವ ಹಸಿಗಾಳಿ. ಎರಡೂ ಸಂಧಿಸುವಲ್ಲಿ, ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇಳುತ್ತದೆ. ಎರಡು ಮೂರು ಗಂಟೆಯೊಳಗೆ ಅದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡವಾಗಿ ನಿಲ್ಲಬಲ್ಲದು.

ಮುಂದಿನದು ಬಯಲುಸೀಮೆಯವರಿಗೆಲ್ಲ ಗೊತ್ತಿರುವ ನೋಟ. ಸಂಜೆ ನಾಲ್ಕರ ಹೊತ್ತಿಗೆ ಗಾಳಿ ಸ್ತಬ್ಧವಾಗುತ್ತದೆ, ಎಲೆ ಅಲುಗುವುದಿಲ್ಲ. ದಿಗಂತದಲ್ಲಿ ಕೆಂಪು ಧೂಳಿನ ಗೋಡೆಯೊಂದು ಎದ್ದು ಬರುತ್ತದೆ. ಮೋಡದಿಂದ ಹೊರಟ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಅರ್ಧ ದಾರಿಯಲ್ಲೇ ಆವಿಯಾದಾಗ ಆ ಗಾಳಿ ತಟ್ಟನೆ ತಣ್ಣಗಾಗುತ್ತದೆ. ತಣ್ಣಗಾದದ್ದು ಭಾರವಾಗಿ ಕೆಳಗೆ ಬೀಳುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗಿಂತ ಮುಂಚೆ ತಣ್ಣನೆಯ ಬಿರುಗಾಳಿ ಬರುವುದು ಹೀಗೆ. ಎಷ್ಟೋ ಸಲ ಬರುವುದು ಆ ಗಾಳಿಯೊಂದೇ. ಅದು ಬಾಳೆತೋಟವನ್ನು ಮಲಗಿಸಿ, ದನದ ಕೊಟ್ಟಿಗೆಯ ತಗಡು ಹಾರಿಸಿ, ನಾಲ್ಕು ಹನಿ ಉದುರಿಸಿ ಹೋಗಿಬಿಡುತ್ತದೆ. ಮೋಡದ ಮೇಲುಭಾಗದಲ್ಲಿ ನೀರು ಗಟ್ಟಿಯಾಗಿದ್ದರೆ ಆಲಿಕಲ್ಲು. ಸಿಡಿಲಂತೂ ಇದ್ದೇ ಇದೆ. ರಾಜ್ಯದಲ್ಲಿ ಸಿಡಿಲಿಗೆ ಜನ ಹೆಚ್ಚಾಗಿ ಬಲಿಯಾಗುವುದು ಭೋರ್ಗರೆಯುವ ಮುಂಗಾರಿನಲ್ಲಿ ಅಲ್ಲ, ಏಪ್ರಿಲ್-ಮೇ ತಿಂಗಳಿನ ಇಂಥ ಸಂಜೆಗಳಲ್ಲಿ. ಸತ್ತವರಲ್ಲಿ ಕುರಿಗಾಹಿಗಳು, ಹೊಲದಲ್ಲಿದ್ದವರು, ಮರದಡಿಗೆ ಓಡಿದವರೇ ಹೆಚ್ಚು.

ಇಂಥ ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರ್, ಅದರ ಆಯಸ್ಸು ಹೆಚ್ಚುಕಡಿಮೆ ಒಂದು ಗಂಟೆ. ಒಂದೂರಿನ ಕೆರೆಗೆ ನೀರು ಬಂದಿರುತ್ತದೆ, ಪಕ್ಕದ ಊರಿನ ರಸ್ತೆಯ ಧೂಳು ಕೂಡ ಅಡಗಿರುವುದಿಲ್ಲ. ವಸಂತದ ಮಳೆಯನ್ನು ವಾರಗಳ ಮುಂಚೆ ಊರೂರಿಗೆ ಹೇಳುವುದು ಯಾವ ಶಾಸ್ತ್ರಕ್ಕೂ ಸಾಧ್ಯವಾಗದೆ ಇರುವುದಕ್ಕೆ ಈ ಸಣ್ಣತನವೇ ಕಾರಣ. ಕೆಲವು ದಿನಗಳ ಮುಂಚೆ 'ಈ ಜಿಲ್ಲೆಗಳಲ್ಲಿ ಅಲ್ಲಲ್ಲಿ ಗುಡುಗುಸಹಿತ ಮಳೆ' ಎನ್ನಬಹುದು. ಆ 'ಅಲ್ಲಲ್ಲಿ' ಎಂಬ ಮಾತಿಗೆ ಜನ ನಗುತ್ತಾರೆ. ಆದರೆ ಆ ಪ್ರಕಟಣೆಯಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಪದ ಇನ್ನೊಂದಿಲ್ಲ.

ಹವಾಮಾನ ಇಲಾಖೆ ಹುಟ್ಟುವ ಎಷ್ಟೋ ಶತಮಾನ ಮುಂಚೆ ರೈತರು ಕಾಲವನ್ನು ಅಳೆಯಲು ಕಟ್ಟಿಕೊಂಡ ಸಾಧನ ಮಳೆನಕ್ಷತ್ರಗಳು. ಇದನ್ನು ಜ್ಯೋತಿಷ್ಯವೆಂದು ತಳ್ಳಿಹಾಕುವವರು ಅದರ ಗಟ್ಟಿ ಭಾಗವನ್ನು ಗಮನಿಸಿಲ್ಲ. ಯುಗಾದಿ ಚಾಂದ್ರಮಾನದ ಹಬ್ಬ. ಒಂದು ವರ್ಷ ಮಾರ್ಚ್ ಮೂರನೇ ವಾರಕ್ಕೆ ಬಂದರೆ ಇನ್ನೊಂದು ವರ್ಷ ಏಪ್ರಿಲ್ ಎರಡನೇ ವಾರಕ್ಕೆ ಜಾರಬಹುದು. ಬಿತ್ತನೆಗೆ ಇಷ್ಟು ತೂಗಾಡುವ ಪಂಚಾಂಗ ಪ್ರಯೋಜನವಿಲ್ಲ. ಆದ್ದರಿಂದ ಮಳೆಯ ಲೆಕ್ಕವನ್ನು ಚಂದ್ರನ ಮೇಲೆ ಬಿಡದೆ ಸೂರ್ಯನ ಮೇಲೆ ಕಟ್ಟಿದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು 13-14 ದಿನ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ, ಜೂನ್ ಎಂಟರ ಸುಮಾರಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರೆ. ಒಂದು ದಿನದ ವ್ಯತ್ಯಾಸ ಬಿಟ್ಟರೆ ಪ್ರತಿ ವರ್ಷವೂ ಇವೇ ತಾರೀಖುಗಳು. ಗೋಡೆಯ ಕ್ಯಾಲೆಂಡರ್ ಇಲ್ಲದ ಮನೆಯಲ್ಲೂ ಬಾಯಿಪಾಠವಾಗಿದ್ದ ಸೌರ ಕ್ಯಾಲೆಂಡರ್ ಇದು. ಪ್ರತಿ ಹೆಸರಿಗೂ ಒಂದು ಗಾದೆ ಅಂಟಿಕೊಂಡಿದೆ. ಭರಣಿ ಮಳೆ ಧರಣಿ ಬೆಳೆ ಎನ್ನುವಾಗ ಹಳ್ಳಿಯವರು ನಕ್ಷತ್ರದ ಮಹಿಮೆ ಹಾಡುತ್ತಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ಹತ್ತು ದಿನದೊಳಗೆ ನೆಲ ನೆನೆದರೆ ಉಳುಮೆಗೆ, ಮೊದಲ ಬಿತ್ತನೆಗೆ ಸಮಯ ಸಿಗುತ್ತದೆ ಎಂಬ ಅನುಭವವನ್ನು ನಾಲ್ಕು ಪದಗಳಲ್ಲಿ ಕಟ್ಟಿಟ್ಟಿದ್ದಾರೆ, ಅಷ್ಟೆ.

ಆದರೆ ಈ ಗಡಿಯಾರ ನಿಧಾನವಾಗಿ ಜಾರುತ್ತಿದೆ. ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ಲೆಕ್ಕದ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಹೀಗೆ ಕೂಡುತ್ತಾ ಹೋಗಿ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಆರನೇ ಶತಮಾನದಲ್ಲಿ ವರಾಹಮಿಹಿರ 'ಬೃಹತ್ಸಂಹಿತೆ' ಬರೆಯುವ ಕಾಲಕ್ಕೆ ಸೂರ್ಯ ಅಶ್ವಿನಿಯನ್ನು ಪ್ರವೇಶಿಸುತ್ತಿದ್ದುದು ಹಗಲು-ಇರುಳು ಸಮನಾಗುವ ದಿನದ ಆಸುಪಾಸಿನಲ್ಲಿ, ಅಂದರೆ ಇಂದಿನ ಲೆಕ್ಕಕ್ಕೆ ಮಾರ್ಚ್ 21ರ ಸುಮಾರಿಗೆ. ಈಗ ಅದು ಮೂರು ವಾರಕ್ಕೂ ಹೆಚ್ಚು ಮುಂದೆ ಸರಿದಿದೆ. ಅಂದು ಆರಿದ್ರೆ ಹುಟ್ಟುತ್ತಿದ್ದುದು ಮೇ ಕೊನೆಗೆ, ಇಂದು ಜೂನ್ ನಾಲ್ಕನೇ ವಾರಕ್ಕೆ. ಹಳೆಯ ಸಂಸ್ಕೃತ ಗ್ರಂಥದ ಫಲಗಳನ್ನು ಇಂದಿನ ಆಕಾಶಕ್ಕೆ ಹಾಗೇ ಹೊಂದಿಸುವವರು ಎರಡು ಮಳೆನಕ್ಷತ್ರಗಳಷ್ಟು ತಪ್ಪುತ್ತಾರೆ. ಬಾಯಿಂದ ಬಾಯಿಗೆ ಬಂದ ಗಾದೆಗೆ ಈ ತೊಂದರೆ ಕಡಿಮೆ. ಹೊಂದದ ಗಾದೆಯನ್ನು ಜನ ಬಿಟ್ಟುಬಿಡುತ್ತಾರೆ.

ವರಾಹಮಿಹಿರನ ಬಗ್ಗೆ ಇನ್ನೊಂದು ಮಾತು. ಮೋಡಗಳಿಗೂ ಗರ್ಭ ಕಟ್ಟುತ್ತದೆ, ಹಾಗೆ ಕಟ್ಟಿದ 195 ದಿನಗಳಿಗೆ ಮಳೆ ಹೆರಿಗೆಯಾಗುತ್ತದೆ ಎಂಬ ಲೆಕ್ಕ ಅವನ ಗ್ರಂಥದಲ್ಲಿದೆ. ಲೆಕ್ಕ ನಿಲ್ಲುವಂಥದ್ದಲ್ಲ. ಆದರೆ ಅರ್ಧ ವರ್ಷದ ಹಿಂದಿನ ಆಕಾಶದಲ್ಲಿ ಮುಂದಿನ ಮಳೆಯ ಸುಳಿವು ಇರಬೇಕೆಂಬ ಆ ಹಂಬಲವೇ ಇಂದಿನ ವಿಜ್ಞಾನಿಗಳನ್ನು ಪೆಸಿಫಿಕ್ ಸಾಗರದ ಬಿಸಿ ಅಳೆಯುವಂತೆ ಮಾಡಿರುವುದು. ಮಳೆ ಅಳೆಯುವ ಪಾತ್ರೆಯ ವಿವರ ಅವನಲ್ಲೂ ಇದೆ, ಅವನಿಗಿಂತ ಹಿಂದಿನ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲೂ ಇದೆ.

ಪಂಚಾಂಗ ಶ್ರವಣದ ಸಂಗತಿ ಬೇರೆ. ಅಲ್ಲಿ ಆ ವರ್ಷದ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು ಎಂದು ಓದುತ್ತಾರೆ. ಯುಗಾದಿ ಯಾವ ವಾರ ಬಂತೋ ಆ ವಾರದ ಗ್ರಹ ರಾಜ. ಸೂರ್ಯ ಮೇಷಕ್ಕೆ ಕಾಲಿಡುವ ದಿನದ ವಾರದ ಒಡೆಯ ಮಂತ್ರಿ. ಆರಿದ್ರೆಗೆ ಪ್ರವೇಶಿಸುವ ದಿನದ ಒಡೆಯ ಮೇಘಾಧಿಪತಿ. ಇರುವುದು ಏಳೇ ವಾರ, ಬರುವುದು ಏಳೇ ಉತ್ತರ. ಇದರಲ್ಲಿ ಆಕಾಶವನ್ನು ನೋಡುವ ಕೆಲಸವೇ ಇಲ್ಲ. ಬೀಳುವ ಮಳೆಯನ್ನು ಭಾಗ ಮಾಡಿ ಇಷ್ಟು ಪಾಲು ಸಮುದ್ರಕ್ಕೆ, ಇಷ್ಟು ಬೆಟ್ಟಕ್ಕೆ, ಇಷ್ಟು ಭೂಮಿಗೆ ಎಂದು ಓದುವ ಕ್ರಮವೂ ಉಂಟು. ಕಡಲಿಗೂ ಬೆಟ್ಟಕ್ಕೂ ಸಿಂಹಪಾಲು, ಬಯಲಿಗೆ ಉಳಿದದ್ದು. ಭೂಗೋಳದ ಮಟ್ಟಿಗೆ ಈ ಹಂಚಿಕೆಯನ್ನು ತಪ್ಪೆನ್ನಲಾಗದು.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ನಡೆಯುವ ಕಾರಣಿಕ ಇದಕ್ಕಿಂತ ಜಾಣತನದ್ದು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದ ಕ್ಷಣ ಲಕ್ಷಾಂತರ ಜನ ಮೌನವಾಗುತ್ತಾರೆ. ಅವರ ಬಾಯಿಂದ ಬರುವುದು ಒಂದೇ ಒಂದು ಒಗಟಿನಂಥ ವಾಕ್ಯ. ಅದನ್ನು ಒಡೆದು ಮಳೆ, ಬೆಳೆ, ಧಾರಣೆ, ಇತ್ತೀಚೆಗೆ ಚುನಾವಣೆ ಎಂದೆಲ್ಲ ಅರ್ಥ ಹಚ್ಚುವುದು ಕೇಳಿದವರ ಕೆಲಸ. ಬಿತ್ತನೆಗೆ ಮುನ್ನ ಒಂದು ಸೀಮೆಯ ಒಕ್ಕಲಿಗರೆಲ್ಲ ಒಂದೆಡೆ ಸೇರಿ ಬರುವ ವರ್ಷದ ಬಗ್ಗೆ ಮಾತಾಡಿಕೊಳ್ಳುತ್ತಾರಲ್ಲ, ಆ ಮಾತುಕತೆಯ ಉಪಯೋಗ ವಾಕ್ಯದ ಅರ್ಥಕ್ಕಿಂತ ಹೆಚ್ಚಿದ್ದೀತು.

ಸರ್ಕಾರ ಮಳೆಯ ಮುನ್ಸೂಚನೆಗೆ ಕೈಹಾಕಿದ್ದು ಒಂದು ದೊಡ್ಡ ಸಾವಿನ ನಂತರ. 1876ರಿಂದ 78ರವರೆಗಿನ ಬರವನ್ನು ಹಳೆಯ ಮೈಸೂರಿನವರು ಅದು ಬಿದ್ದ ಸಂವತ್ಸರಗಳ ಹೆಸರಿನಲ್ಲಿ ಧಾತು-ಈಶ್ವರ ಬರ ಎಂದು ಕರೆದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬೆಳೆಯುವ ಬದಲು ಜನಸಂಖ್ಯೆಯೇ ಕುಗ್ಗಿದ ದಶಕ ಅದು. ಆಗಿನ್ನೂ 1875ರಲ್ಲಷ್ಟೇ ಹುಟ್ಟಿದ್ದ ಭಾರತೀಯ ಹವಾಮಾನ ಇಲಾಖೆಗೆ ಮುಂದಿನ ಬರವನ್ನು ಮುಂಚೆಯೇ ತಿಳಿಸಬೇಕೆಂಬ ಹೊಣೆ ಬಿತ್ತು. ಅದರ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಡಿದ ಸುಳಿವು ಹಿಮಾಲಯದ ಹಿಮ. ವಸಂತದಲ್ಲಿ ಹಿಮ ಹೆಚ್ಚಾಗಿ ಉಳಿದಿದ್ದರೆ ಮುಂಗಾರು ದುರ್ಬಲ ಎಂಬುದು ಅವನ ಊಹೆ. ನಾಲ್ಕು ವರ್ಷ ಪರೀಕ್ಷಿಸಿ 1886ರ ಜೂನ್ 4ರಂದು ಮೊದಲ ಅಧಿಕೃತ ಮುನ್ಸೂಚನೆ ಹೊರಡಿಸಿದ. ಆಮೇಲೆ ಬಂದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಪ್ರಪಂಚದ ನಾನಾ ಊರುಗಳ ವಾಯುಭಾರದ ಅಂಕಿಗಳನ್ನು ತಾಳೆ ನೋಡುತ್ತಾ ಅವನು ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವಿನ ಏರಿಳಿತವನ್ನು ಗುರುತಿಸಿದ. ಇಂದು ಎಲ್ ನಿನೋ ಎಂದು ಎಲ್ಲರ ಬಾಯಲ್ಲಿರುವ ಮಾತಿನ ಇನ್ನೊಂದು ಅರ್ಧ ಅದು.

ಎಲ್ ನಿನೋ ಬಂದರೆ ಬರ ಎಂಬ ಸರಳ ಸೂತ್ರವೂ ಕೈಕೊಟ್ಟಿದೆ. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೋಗಳಲ್ಲೊಂದು ಎದ್ದಿದ್ದರೂ ದೇಶದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಆಯಿತು. 1988ರಿಂದ ಇಲಾಖೆ 16 ಅಂಶಗಳ ಸೂತ್ರವೊಂದನ್ನು ಬಳಸುತ್ತಿತ್ತು. ಹದಿನಾಲ್ಕು ವರ್ಷ ಮರ್ಯಾದೆ ಉಳಿಸಿದ ಆ ಸೂತ್ರ 2002ರಲ್ಲಿ ಮುಗ್ಗರಿಸಿತು. ವಾಡಿಕೆಯ ಮಳೆ ಎಂದು ಹೇಳಿದ್ದ ವರ್ಷ ದೇಶಕ್ಕೆ ಬಿದ್ದದ್ದು ವಾಡಿಕೆಯ ನೂರಕ್ಕೆ 81 ಪಾಲು. ಸೂತ್ರ ಬದಲಾಯಿತು. ಈಗ ಸಾಗರ ಮತ್ತು ವಾಯುಮಂಡಲಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಗಣಕಯಂತ್ರದ ಮಾದರಿಗಳು ಬಂದಿವೆ, ಏಪ್ರಿಲ್ ನಡುವೆ ಒಮ್ಮೆ, ಮೇ ಕೊನೆಗೆ ಇನ್ನೊಮ್ಮೆ ಮುನ್ಸೂಚನೆ ಹೊರಡುತ್ತದೆ. ಹೊಸದಿಲ್ಲಿಯ ಮೊದಲ ಪ್ರಕಟಣೆ ಮತ್ತು ಅಶ್ವಿನಿ ಮಳೆ ಹುಟ್ಟುವ ದಿನ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಬೀಳುವುದು ಕಾಕತಾಳೀಯವಿರಬಹುದು.

ದೇಶದ ಮಟ್ಟಿಗೆ ಈ ಮುನ್ಸೂಚನೆಗಳು ಹಿಂದಿಗಿಂತ ಸುಧಾರಿಸಿವೆ. ಬಯಲುಸೀಮೆಗೆ ಅದರಿಂದ ಆದ ಪ್ರಯೋಜನವನ್ನು 2023 ತೋರಿಸಿಕೊಟ್ಟಿತು. ಆ ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು ವಾಡಿಕೆಯ ನೂರಕ್ಕೆ 96 ಪಾಲು. ಮುಂಗಾರು ಮುಗಿದಾಗ ದೇಶಕ್ಕೆ ಬಿದ್ದಿದ್ದದ್ದು 94. ಇಷ್ಟು ಹತ್ತಿರದ ಉತ್ತರಕ್ಕೆ ಯಾವ ಪರೀಕ್ಷಕನೂ ಅಂಕ ಕಡಿತ ಮಾಡುವುದಿಲ್ಲ. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಮುನ್ಸೂಚನೆ ಸುಳ್ಳಾಗಲಿಲ್ಲ. ಇಡೀ ದೇಶವನ್ನು ಒಂದೇ ಹೊಲವೆಂದು ಎಣಿಸಿ, ನಾಲ್ಕು ತಿಂಗಳನ್ನು ಒಂದೇ ದಿನವೆಂದು ಎಣಿಸಿ ಕೊಟ್ಟ ಸರಾಸರಿ ಅದು. ಸರಾಸರಿಯಲ್ಲಿ ಯಾರೂ ಬಿತ್ತನೆ ಮಾಡುವುದಿಲ್ಲ.

ಬಯಲುಸೀಮೆಯಲ್ಲಿ ಒಂದು ಸರಾಸರಿ ಎಷ್ಟು ಮೋಸದ್ದೆಂಬುದಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನೋಡಬಹುದು. 1907ರಲ್ಲಿ ಕಟ್ಟಿ ಮುಗಿಸಿದ ಈ ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮೂರು ತಲೆಮಾರು ಅಜ್ಜ ಹೇಳಿದ ಕತೆಯಾಗಿಯಷ್ಟೇ ಕೇಳಿದ್ದ ನೋಟವನ್ನು ನೋಡಲು ಆ ಸೆಪ್ಟೆಂಬರಿನಲ್ಲಿ ಜನ ಜಾತ್ರೆಯಂತೆ ಸೇರಿದರು. ಅದರ ಮರುವರ್ಷವೇ ಬಂದದ್ದು ಮೇಲೆ ಹೇಳಿದ ಬರ.

ಹಾಗಾದರೆ ವಸಂತದ ಮಳೆ ಚೆನ್ನಾಗಿ ಬಂದರೆ ಮುಂಗಾರೂ ಚೆನ್ನಾಗಿರುತ್ತದೆಯೆ? ಹಳ್ಳಿಗಳಲ್ಲಿ ಹೌದೆನ್ನುವವರೂ ಇದ್ದಾರೆ, ಮುಂಚೆ ಸುರಿದದ್ದು ಹಿಂದೆ ಕಡಿಮೆಯಾಗುತ್ತದೆ ಎನ್ನುವವರೂ ಇದ್ದಾರೆ. ಎರಡು ಮಳೆಗಳೂ ಹುಟ್ಟುವ ಬಗೆಯೇ ಬೇರೆಯಾದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಹೇಳುವುದು ನಂಬಿಕೆಯ ಮಾತು. ಅಪಾಯವಿರುವುದು ಇಲ್ಲೇ. ಭರಣಿ, ಕೃತ್ತಿಕೆಗಳಲ್ಲಿ ಎರಡು ಒಳ್ಳೆಯ ಮಳೆ ಬಿದ್ದರೆ ಹುಮ್ಮಸ್ಸಿನಲ್ಲಿ ಬೀಜ ಮಣ್ಣಿಗೆ ಹೋಗುತ್ತದೆ, ಮೊಳಕೆ ಬರುತ್ತದೆ. ಅಷ್ಟರಲ್ಲಿ ಪಡುವಣ ಗಾಳಿ ಎದ್ದು ವಾರಗಟ್ಟಲೆ ಬೀಸಿದರೆ ನೆಲದ ಮೇಲಿನ ಹಸಿಯೆಲ್ಲ ಆರಿಹೋಗುತ್ತದೆ. ಶೇಂಗಾ ಬೆಳೆಯುವವರಿಗೆ ಬೀಜದ ಖರ್ಚೇ ದೊಡ್ಡದು. ಒಮ್ಮೆ ಹಾಕಿದ ಬೀಜ ಸತ್ತರೆ ಎರಡನೇ ಸಲಕ್ಕೆ ಸಾಲ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಪಾವಗಡ-ಅನಂತಪುರ ಸೀಮೆಯ ಮಳೆಯಾಶ್ರಿತ ಶೇಂಗಾವನ್ನು ರೈತರ ಜೊತೆ ಕೂಡಿಯೇ ಅಧ್ಯಯನ ಮಾಡಿದರು. ಹಳೆಯ ಮಳೆ ದಾಖಲೆಗಳ ಮೇಲೆ ಲೆಕ್ಕ ಹಾಕಿದಾಗ ಕಂಡದ್ದು, ಜೂನ್ ಕೊನೆಯಲ್ಲಿ ಅವಸರ ಮಾಡುವುದಕ್ಕಿಂತ ಜುಲೈ ನಡುವಿನ ನಂತರ ಬಿತ್ತಿದರೆ ಬೆಳೆ ಕೈಕೊಡುವ ಅಪಾಯ ಕಡಿಮೆ ಎಂದು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಾಳಿ ನಿಂತು ಸೆಪ್ಟೆಂಬರಿನ ಮಳೆ ಸಿಗುತ್ತದೆ. ಈ ವರ್ಷ ಮಳೆ ಎಷ್ಟು ಎಂದು ಕೇಳದೆ, ಇಲ್ಲಿನ ಮಳೆಯ ಅಭ್ಯಾಸವೇನು ಎಂದು ಕೇಳಿದ್ದರಿಂದ ಸಿಕ್ಕ ಉತ್ತರ ಇದು.

ವಸಂತದ ಮಳೆಗೆ ಬೇರೆ ಕೆಲಸಗಳಿವೆ. ಯುಗಾದಿಯ ಹೊನ್ನಾರು ಶಾಸ್ತ್ರಕ್ಕೆ ನೇಗಿಲು ನೆಲ ಮುಟ್ಟಿದರೂ ಗಟ್ಟಿ ನೆಲ ಬಾಯಿ ಬಿಡುವುದು ಈ ಮಳೆಗೇ. ಆಗ ಇಳುಕಲಿಗೆ ಅಡ್ಡಲಾಗಿ ಉತ್ತಿಟ್ಟರೆ ಮುಂದೆ ಬೀಳುವ ನೀರು ಹರಿದು ಹೋಗದೆ ಇಂಗುತ್ತದೆ, ಕಳೆ ಮೊದಲೇ ಹುಟ್ಟಿ ಸಾಯುತ್ತದೆ. ಕುರಿ ಮೇಕೆಗಳಿಗೆ ಒಂದಿಷ್ಟು ಹಸಿರು ಸಿಗುತ್ತದೆ. ಎಳ್ಳು, ಹೆಸರು, ಅಲಸಂದೆಯಂಥ ಬೇಗ ಕೈಗೆ ಬರುವ, ಬೀಜಕ್ಕೆ ಹೆಚ್ಚು ಹಣ ಬೇಡದ ಬೆಳೆಗಳನ್ನು ಈ ಮಳೆಗೆ ಒಪ್ಪಿಸಿ ನೋಡುವುದು ಹಿಂದಿನಿಂದಲೂ ಇರುವ ಪದ್ಧತಿ. ಹೋದರೆ ಹೋಯಿತು ಎನ್ನುವಷ್ಟನ್ನೇ ಪಣಕ್ಕಿಡುವ ಲೆಕ್ಕ ಇದು.

ರಾಜ್ಯದಲ್ಲಿ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಸಂಸ್ಥೆ ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಗಳಿಗೆಗಳಿಗೆಗೂ ಅಂಕಿ ಕಳಿಸುತ್ತವೆ. ವರುಣಮಿತ್ರ ಸಹಾಯವಾಣಿಗೆ ರೈತರು ಫೋನ್ ಮಾಡಿ ಮುಂದಿನ ಎರಡು ಮೂರು ದಿನದ ಸಂಗತಿ ಕೇಳುತ್ತಾರೆ. ವರ್ಷದ ಫಲಕ್ಕಿಂತ ಈ ಮೂರು ದಿನದ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಔಷಧಿ ಹೊಡೆಯುವುದೇ ಬೇಡವೇ, ಕಿತ್ತ ಈರುಳ್ಳಿಯನ್ನು ಬಯಲಲ್ಲಿ ಬಿಡುವುದೇ ಬೇಡವೇ ಎಂಬುದು ನಿರ್ಧಾರವಾಗುವುದು ಅದರಿಂದಲೇ.

ಆ ಫೋನ್ ಇಟ್ಟ ಮೇಲೆ ಹೊಲಕ್ಕೆ ಹೋಗಿ ಮಾಡುವ ಪರೀಕ್ಷೆಯೊಂದಿದೆ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಸಾಲಿನ ನಡುವೆ ಕೈಯಿಂದ ಮಣ್ಣು ತೋಡಿ ನೋಡುತ್ತಾರೆ. ಮೇಲಿನ ತೇವ ಕೆಳಗಿನ ಹಳೆಯ ತೇವವನ್ನು ಮುಟ್ಟಿದೆಯೆ, ಹಸಿ ಒಂದು ಗೇಣಿನಷ್ಟು ಇಳಿದಿದೆಯೆ, ಹಿಡಿಯಲ್ಲಿ ಒತ್ತಿದರೆ ಮಣ್ಣು ಉಂಡೆ ಕಟ್ಟುತ್ತದೆಯೆ, ಉಂಡೆಯನ್ನು ಕೆಳಗೆ ಬಿಟ್ಟರೆ ಅಂಟದೆ ಒಡೆಯುತ್ತದೆಯೆ. ಒಡೆದರೆ ಹದ ಬಂದಿದೆ ಎನ್ನುತ್ತಾರೆ, ಆಮೇಲೆ ಪಡುವಣ ದಿಕ್ಕಿಗೆ ತಿರುಗಿ ಗಾಳಿ ಎದ್ದಿದೆಯೇ ಎಂದು ನೋಡುತ್ತಾರೆ.